ಹೊರನಾಡ ಕನ್ನಡಿಗನೂ ವಾರ್ಡಿನ ರಾಜಕಾರಣವೂ

ನಮ್ಮ ಸಂಘದ ಯುಗಾದಿ ಕೂಟದಲ್ಲಾಗಲಿ, ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಾಗಲಿ, ಹೊಸಬರೊಬ್ಬರು ಪಕ್ಕದಲ್ಲಿ ಬಂದು ಕುಳಿತರೆ ನಾವು ಮೊದಲು ಕೇಳುವ ಪ್ರಶ್ನೆ ಒಂದೇ: "ತಮ್ಮದು ಯಾವ ಊರಾಯಿತು?" ಮೂವತ್ತು ವರ್ಷಗಳಿಂದ ಹೈದರಾಬಾದಿನಲ್ಲಿ ಸಂಸಾರ ಹೂಡಿ, ಇಲ್ಲಿಯೇ ಮನೆ ಕಟ್ಟಿಸಿ, ಮಕ್ಕಳ ಮದುವೆಯನ್ನೂ ಇಲ್ಲಿಯೇ ಮುಗಿಸಿದವರು ಸಹ ಒಂದು ಕ್ಷಣವೂ ತಡೆಯದೆ "ರಾಯಚೂರಿನ ಕಡೆ", "ಧಾರವಾಡದ ಹತ್ತಿರ", "ಹಾಸನ ಜಿಲ್ಲೆ" ಎಂದು ಉತ್ತರಿಸುತ್ತಾರೆ. ಆ ಉತ್ತರದಲ್ಲಿ ತಪ್ಪೇನೂ ಇಲ್ಲ. ಹುಟ್ಟಿದ ನೆಲದ ಹೆಸರು ನಾಲಗೆಯ ತುದಿಯಲ್ಲಿರುವುದು ಸಹಜವೇ. ಆದರೆ ಅದೇ ಪಂಕ್ತಿಯಲ್ಲಿ "ತಮ್ಮ ವಾರ್ಡು ಯಾವುದು? ನಿಮ್ಮ ಕಾರ್ಪೊರೇಟರು ಯಾರು?" ಎಂದು ಕೇಳಿ ನೋಡಿ. ಬಹುಮಟ್ಟಿಗೆ ಮೌನವೇ ಉತ್ತರವಾಗುತ್ತದೆ, ಇಲ್ಲವೆ, "ಆ ರಾಜಕೀಯ ನಮಗೇಕೆ ಸ್ವಾಮಿ?" ಎಂಬ ಮರುಪ್ರಶ್ನೆ ಬರುತ್ತದೆ. ಪ್ರಕೃತ ಲೇಖನ ಆ ಮರುಪ್ರಶ್ನೆಯನ್ನು ಕುರಿತದ್ದು.

ರಕ್ತದೊತ್ತಡ, ಮಧುಮೇಹ, ಕೀಲುನೋವುಗಳ ಲೇಖನಗಳಿರುವ ಸಂಚಿಕೆಯಲ್ಲಿ ರಾಜಕಾರಣಕ್ಕೇನು ಕೆಲಸ ಎಂದು ವಾಚಕರು ಹುಬ್ಬೇರಿಸಬಹುದು. ಸ್ವಲ್ಪ ಯೋಚಿಸಿದರೆ ಸಂಬಂಧ ತಾನಾಗಿಯೇ ಕಾಣುತ್ತದೆ. ಉಪ್ಪು ಕಡಿಮೆ ಮಾಡುವುದು, ಬೆಳಗ್ಗೆ ನಡೆದಾಡುವುದು ನಮ್ಮ ಕೈಯಲ್ಲಿದೆ. ಆದರೆ ನಡೆದಾಡಲು ಪಾದಚಾರಿ ಮಾರ್ಗವಿರುವುದು, ಕುಡಿಯುವ ನೀರಿನ ಕೊಳವೆಗೆ ಚರಂಡಿಯ ನೀರು ಬೆರೆಯದಿರುವುದು, ಮಳೆಗಾಲಕ್ಕೆ ಮುಂಚೆ ನಾಲೆಯ ಹೂಳು ತೆಗೆಸುವುದು ಯಾವ ವೈದ್ಯರ ಕೈಯಲ್ಲೂ ಇಲ್ಲ. 1897ರ ಆಗಸ್ಟ್ ತಿಂಗಳಲ್ಲಿ ರೊನಾಲ್ಡ್ ರಾಸ್ ಮಹಾಶಯನು ಸೊಳ್ಳೆಯ ಜಠರದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡುಹಿಡಿದದ್ದು ನಮ್ಮ ಸಿಕಂದರಾಬಾದಿನಲ್ಲಿಯೇ. ಶತಮಾನಕ್ಕೂ ಮಿಕ್ಕಿ ಕಾಲ ಸಂದಿದೆ. ಸೊಳ್ಳೆ ಮಾತ್ರ ಊರು ಬಿಟ್ಟಿಲ್ಲ. ವಿಜ್ಞಾನಿಯು ತನ್ನ ಕೆಲಸ ಮುಗಿಸಿದ ಮೇಲೆ ಉಳಿಯುವುದು ನಗರಪಾಲಿಕೆಯ ಕೆಲಸ. ನಗರಪಾಲಿಕೆಯ ಬೆನ್ನಿಗಿರುವುದು ಪಕ್ಷಗಳು. 2018ರಲ್ಲಿ ಈ ನಗರದಲ್ಲಿ ಬಸ್ತಿ ದವಾಖಾನೆಗಳನ್ನು ತೆರೆಯಲಾರಂಭಿಸಿದಾಗ ಯಾವ ಬಸ್ತಿಗೆ ಮೊದಲು, ಯಾವುದಕ್ಕೆ ಅನಂತರ ಎಂಬುದು ಕೇವಲ ವೈದ್ಯಕೀಯ ಪ್ರಶ್ನೆಯಾಗಿರಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಇಲ್ಲಿಗೆ ಹೊಸಬರೂ ಅಲ್ಲ. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ 1956ರ ನವೆಂಬರ್ 1ರವರೆಗೆ ಹೈದರಾಬಾದು ಪರಊರಲ್ಲ, ತಮ್ಮದೇ ರಾಜಧಾನಿ. ವಕೀಲಿಗೆ, ವಿದ್ಯಾಭ್ಯಾಸಕ್ಕೆ, ಸರ್ಕಾರಿ ನೌಕರಿಗೆ ಅವರು ಬರುತ್ತಿದ್ದುದು ಇಲ್ಲಿಗೇ. ಮೈಸೂರು, ಧಾರವಾಡಗಳ ಕಡೆಯವರು ಅನಂತರ ಬ್ಯಾಂಕು, ಕಾರ್ಖಾನೆ, ಸಂಶೋಧನಾಲಯಗಳ ಕೆಲಸಕ್ಕೆಂದು ಬಂದರು. ಅವರ ತರುವಾಯ ಗಣಕಯಂತ್ರದ ಕಂಪನಿಗಳ ತರುಣ ತರುಣಿಯರು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ನಮ್ಮ ಹಿರಿಯರು ಇಲ್ಲಿ ಬೇರು ಬಿಟ್ಟಿದ್ದಕ್ಕೆ ಸಾಕ್ಷಿಯಾಗಿ ನಿಂತಿವೆ.

ಆ ಹಿರಿಯರು ರಾಜಕಾರಣದಿಂದ ದೂರ ನಿಂತವರಲ್ಲ. ನಿಜಾಮರ ಆಳ್ವಿಕೆಯಲ್ಲಿ 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಅದು ಕಣ್ಣು ಬಿಡುವ ಮೊದಲೇ ನಿಷೇಧಿಸಲಾಯಿತು. ಆ ನಿಷೇಧ ತೆರವಾದದ್ದು 1946ರಲ್ಲಿ. ರಾಜಕೀಯ ಪಕ್ಷಕ್ಕೆ ಎಡೆಯಿಲ್ಲದ ಆ ದಿನಗಳಲ್ಲಿ ಆಂಧ್ರ ಮಹಾಸಭೆ, ಮಹಾರಾಷ್ಟ್ರ ಪರಿಷತ್ತು, ಕರ್ನಾಟಕ ಪರಿಷತ್ತುಗಳೆಂಬ ಭಾಷಾ ಸಂಸ್ಥೆಗಳೇ ಸಾರ್ವಜನಿಕ ಜೀವನದ ಪಾಠಶಾಲೆಗಳಾದವು. ಸಭೆ ಸೇರಿಸುವುದು, ನಿರ್ಣಯ ಬರೆಯುವುದು, ಚಂದಾ ಎತ್ತುವುದು, ಲೆಕ್ಕ ಒಪ್ಪಿಸುವುದು — ಇವನ್ನೆಲ್ಲ ಜನ ಅಲ್ಲಿಯೇ ಕಲಿತರು. ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ 1903ರಲ್ಲಿ ಜನಿಸಿದ ಸ್ವಾಮಿ ರಮಾನಂದ ತೀರ್ಥರು ಮೊದಲಿಗೆ ಶಾಲೆಯ ಮೇಷ್ಟರು. ಅವರು ಸ್ಟೇಟ್ ಕಾಂಗ್ರೆಸ್ಸಿನ ನಾಯಕರಾಗಿ ಸೆರೆಮನೆ ಕಂಡು, 1952ರಲ್ಲಿ ಗುಲಬರ್ಗಾ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಬೇಗಂಪೇಟೆಯಲ್ಲಿ ಅವರ ಸ್ಮಾರಕವಿದೆ.

ಇನ್ನೊಬ್ಬರು, ಹೆಸರಿನಲ್ಲಿಯೇ ಮೇಲುಕೋಟೆಯನ್ನು ಹೊತ್ತಿದ್ದ ಡಾಕ್ಟರ್ ಜಿ. ಎಸ್. ಮೇಲ್ಕೋಟೆಯವರು. ವೃತ್ತಿಯಿಂದ ವೈದ್ಯರು. 1952ರ ಬೂರ್ಗುಲ ರಾಮಕೃಷ್ಣರಾಯರ ಮಂತ್ರಿಮಂಡಲದಲ್ಲಿ ಹೈದರಾಬಾದ್ ರಾಜ್ಯದ ಅರ್ಥಸಚಿವರಾದರು. 1957ರಲ್ಲಿ ರಾಯಚೂರಿನಿಂದ ಲೋಕಸಭೆಗೆ ಹೋದವರು 1962, 1967, 1971ರ ಮೂರು ಚುನಾವಣೆಗಳಲ್ಲಿ ಹೈದರಾಬಾದಿನಿಂದಲೇ ಆರಿಸಿ ಬಂದರು. ಕೊನೆಯ ಬಾರಿ ತೆಲಂಗಾಣ ಪ್ರಜಾ ಸಮಿತಿಯ ಅಭ್ಯರ್ಥಿಯಾಗಿ. ಕಾರ್ಮಿಕ ಸಂಘಟನೆಯಲ್ಲೂ ಯೋಗದ ಸಂಶೋಧನೆಯಲ್ಲೂ ಸಮನಾಗಿ ತೊಡಗಿದ್ದ ಈ ವೈದ್ಯರನ್ನು ಆರೋಗ್ಯ ಲೇಖನಗಳ ಸಂಚಿಕೆಯಲ್ಲಿ ನೆನೆಯುವುದು ಅನುಚಿತವಾಗಲಾರದು. ಕನ್ನಡ ಕ್ಷೇತ್ರವೊಂದನ್ನೂ ಈ ಮಹಾನಗರವನ್ನೂ ಒಬ್ಬರೇ ಪ್ರತಿನಿಧಿಸಬಹುದಾಗಿದ್ದ ಕಾಲವದು. ನಾವು ಆ ಹೊಸ್ತಿಲಿನಿಂದ ಯಾವಾಗ ಹಿಂದೆ ಸರಿದೆವೋ ಯಾರೂ ಗಮನಿಸಲಿಲ್ಲ.

ಅರ್ಧ ಊರು ಮನೆಯಲ್ಲಿದ್ದ ದಿನ

2020ರ ಡಿಸೆಂಬರ್ 1ರಂದು ಬೃಹತ್ ಹೈದರಾಬಾದ್ ನಗರಪಾಲಿಕೆಯ 150 ವಾರ್ಡುಗಳಿಗೆ ಚುನಾವಣೆ ನಡೆಯಿತು. ಪಟ್ಟಿಯಲ್ಲಿದ್ದ ಮತದಾರರು ಸುಮಾರು 74 ಲಕ್ಷ. ಮತಗಟ್ಟೆಗೆ ಬಂದವರು ಶೇಕಡಾ 46ಕ್ಕೆ ತುಸು ಮೇಲೆ. ಅದಕ್ಕೆ ಆರೇಳು ವಾರಗಳ ಹಿಂದಷ್ಟೇ, ಅಕ್ಟೋಬರ್ ಮಧ್ಯದಲ್ಲಿ, ಇದೇ ನಗರದ ಬಡಾವಣೆಗಳು ಎದೆಮಟ್ಟದ ನೀರಿನಲ್ಲಿ ನಿಂತಿದ್ದವು. ದೋಣಿಯಲ್ಲಿ ಜನರನ್ನು ಸಾಗಿಸಬೇಕಾಗಿ ಬಂದಿತ್ತು. ಕೆರೆಯಂಗಳದಲ್ಲಿ ಮನೆ ಎದ್ದುದೇಕೆ, ನಾಲೆ ಕಿರಿದಾದುದೇಕೆ ಎಂದು ಅಂದು ಕೇಳದ ಮನೆಯಿರಲಿಲ್ಲ. ಆದರೂ ಆ ಪ್ರಶ್ನೆಗೆ ಉತ್ತರ ಕೊಡಬಹುದಾಗಿದ್ದ ದಿನ ಅರ್ಧಕ್ಕಿಂತ ಹೆಚ್ಚು ಮತದಾರರು ಮನೆಯಲ್ಲಿ ಕುಳಿತರು. 2023ರ ವಿಧಾನಸಭಾ ಚುನಾವಣೆಯಲ್ಲಿಯೂ ಹೈದರಾಬಾದು ಜಿಲ್ಲೆಯ ಮತದಾನ ಅರ್ಧದ ಗಡಿ ಮುಟ್ಟಲಿಲ್ಲ.

ಆ ಚುನಾವಣೆಯ ಫಲಿತಾಂಶಗಳನ್ನು ಹಿಂದಿನದರೊಡನೆ ಇಟ್ಟು ನೋಡಿದರೆ ಒಂದು ಸ್ವಾರಸ್ಯವಿದೆ. 2016ರಲ್ಲಿ ತೆಲಂಗಾಣ ರಾಷ್ಟ್ರ ಸಮಿತಿಗೆ 99 ವಾರ್ಡುಗಳು, ಭಾರತೀಯ ಜನತಾ ಪಕ್ಷಕ್ಕೆ 4. 2020ರಲ್ಲಿ ಮೊದಲಿನದಕ್ಕೆ 56, ಎರಡನೆಯದಕ್ಕೆ 48. ಕಾಂಗ್ರೆಸ್ಸಿಗೆ ಎರಡು ಸಲವೂ 2. ಗಾಳಿ ಈ ಕಡೆಯಿಂದ ಆ ಕಡೆಗೆ ಇಷ್ಟು ಜೋರಾಗಿ ತಿರುಗಿದರೂ ಮಜ್ಲಿಸ್ ಪಕ್ಷಕ್ಕೆ ಮಾತ್ರ ಎರಡು ಬಾರಿಯೂ ಅವೇ 44. ಆ ಪಕ್ಷದ ಧೋರಣೆಯನ್ನು ಒಪ್ಪುವುದು, ಬಿಡುವುದು ಬೇರೆ ಮಾತು. ಅದರ ಕೇಂದ್ರ ಕಚೇರಿಯಾದ ದಾರುಸ್ಸಲಾಮಿನಲ್ಲಿ ಶಾಸಕರೂ ಕಾರ್ಪೊರೇಟರುಗಳೂ ಕುಳಿತು, ಪಿಂಚಣಿ, ಪಡಿತರ ಚೀಟಿ, ಆಸ್ಪತ್ರೆಯ ಸೇರ್ಪಡೆ, ಕೆಟ್ಟ ಕೊಳಾಯಿ ಇತ್ಯಾದಿ ಅರ್ಜಿಗಳನ್ನು ಆಲಿಸುವ ರೂಢಿ ಬಹುಕಾಲದಿಂದ ನಡೆದು ಬಂದಿದೆ. ವರ್ಷವಿಡೀ ತೆರೆದಿರುವ ಬಾಗಿಲು ಗಾಳಿಗೆ ಸುಲಭವಾಗಿ ಮುಚ್ಚಿಕೊಳ್ಳುವುದಿಲ್ಲ ಎಂದು ನನಗೆ ತೋರುತ್ತದೆ. ಯಾವ ಪಕ್ಷವಾದರೂ ವಾರ್ಡಿನ ಮಟ್ಟದಲ್ಲಿ ನಿಲ್ಲುವುದು ಇಂಥ ಕೆಲಸದಿಂದಲೇ. ಅದಕ್ಕೆ ಬೇಕಾಗುವವರು ಭಾಷಣಕಾರರಲ್ಲ, ಅರ್ಜಿ ಬರೆಯಬಲ್ಲ, ಕಡತದ ಹಿಂದೆ ಬೀಳಬಲ್ಲ ಸಾಮಾನ್ಯರು.

ಮೊದಲ ಮೆಟ್ಟಿಲು: ಪಟ್ಟಿಯಲ್ಲಿ ಹೆಸರು

ನಮ್ಮಲ್ಲಿ ಅನೇಕರ ಹೆಸರು ಇನ್ನೂ ಹುಟ್ಟೂರಿನ ಮತದಾರರ ಪಟ್ಟಿಯಲ್ಲಿದೆ. "ಅಲ್ಲಿ ಜಮೀನಿದೆ, ಮನೆಯಿದೆ, ಅಣ್ಣನಿದ್ದಾನೆ, ಹೆಸರು ತೆಗೆಸಿದರೆ ಊರಿನ ಹಕ್ಕೇ ಹೋದಂತೆ" ಎಂಬುದು ಸಾಮಾನ್ಯ ಭಾವನೆ. ಇದು ತಪ್ಪು ಕಲ್ಪನೆ. ಮತದಾರರ ಪಟ್ಟಿಗೂ ಪಹಣಿಗೂ ಯಾವ ಸಂಬಂಧವೂ ಇಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಒಬ್ಬ ವ್ಯಕ್ತಿಯ ಹೆಸರು ಎಲ್ಲಿ ಅವನು ಸಾಮಾನ್ಯವಾಗಿ ವಾಸಿಸುವನೋ ಅಲ್ಲಿ ಇರತಕ್ಕದ್ದು. ಒಂದು ಕ್ಷೇತ್ರದಲ್ಲಿ ಮನೆಯ ಒಡೆತನವಿದೆ ಎಂಬ ಮಾತ್ರಕ್ಕೆ ಅಲ್ಲಿಯ ನಿವಾಸಿ ಎನಿಸುವುದಿಲ್ಲ. ಎರಡು ಕಡೆ ಹೆಸರಿಟ್ಟುಕೊಳ್ಳುವುದು ನಿಷಿದ್ಧ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಊರಿನಲ್ಲಿಯೂ ಒಂದು, ಇಲ್ಲಿಯೂ ಒಂದು ಇರಲಿ ಎಂದು ಜಾಣತನ ತೋರುವವರು ಇದನ್ನು ನೆನಪಿಡಬೇಕು. 2025ರಿಂದ ಚುನಾವಣಾ ಆಯೋಗವು ಬಿಹಾರದಿಂದ ಆರಂಭಿಸಿ ಹಲವು ರಾಜ್ಯಗಳಲ್ಲಿ ಪಟ್ಟಿಗಳ ವಿಶೇಷ ತೀವ್ರ ಪರಿಷ್ಕರಣೆಯನ್ನು ಕೈಗೊಂಡಿರುವುದರಿಂದ ಈ ವಿಷಯದಲ್ಲಿ ಉದಾಸೀನ ಸಲ್ಲದು. ಎರಡು ದೋಣಿಯಲ್ಲಿ ಕಾಲಿಟ್ಟವನು ಎರಡೂ ಕಡೆಯ ಪಟ್ಟಿಯಿಂದ ಹೊರಬೀಳುವ ಸಂಭವವುಂಟು.

ಹೊಸದಾಗಿ ಸೇರುವವರಿಗೆ 6ನೆಯ ನಮೂನೆ. ವಿಳಾಸ ಬದಲಾವಣೆಗೂ ತಿದ್ದುಪಡಿಗೂ 8ನೆಯದು. ಹದಿನೆಂಟು ತುಂಬಿದ ಮಕ್ಕಳು ಈಗ ಜನವರಿ 1ಕ್ಕಾಗಿಯೇ ಕಾಯಬೇಕಾಗಿಲ್ಲ. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳೂ ಅರ್ಹತೆಯ ದಿನಗಳಾಗಿವೆ. ನಗರಪಾಲಿಕೆಯ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗವೆಂಬ ಬೇರೆ ಸಂಸ್ಥೆಯಾದರೂ ಅದು ವಿಧಾನಸಭೆಯ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ವಾರ್ಡುವಾರು ವಿಂಗಡಿಸಿಕೊಳ್ಳುತ್ತದೆ. ಮೂಲ ಪಟ್ಟಿಯಲ್ಲಿಲ್ಲದವನು ಇಲ್ಲಿಯೂ ಇಲ್ಲ. 2020ರ ತರುವಾಯ ನಗರಪಾಲಿಕೆಯ ಗಡಿಗಳೂ ವಾರ್ಡುಗಳ ಗಡಿಗಳೂ ಬದಲಾಗಿರುವುದರಿಂದ ಹಳೆಯ ವಾರ್ಡಿನ ಹೆಸರನ್ನೇ ನಂಬಿ ಕೂರಬಾರದು.

ನಮ್ಮವರಿಗೆ ಇನ್ನೊಂದು ತೊಡಕು ಹೆಸರಿನದು. ತೆಲುಗರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ನಾವೋ ಊರಿನ ಹೆಸರಿನ ಒಂದಕ್ಷರ, ತಂದೆಯ ಹೆಸರಿನ ಒಂದಕ್ಷರ ಮುಂದಿಟ್ಟುಕೊಂಡವರು. ಉತ್ತರ ಕರ್ನಾಟಕದವರು ಅಡ್ಡಹೆಸರನ್ನು ಕೊನೆಗೆ ಇಡುವವರು. ಪಟ್ಟಿ ಬರೆಯುವವನ ಕೈಯಲ್ಲಿ ಇವೆಲ್ಲ ಕಲಸಿ, ಗಂಡನದು ಒಂದು ಬಗೆ, ಹೆಂಡತಿಯದು ಇನ್ನೊಂದು ಬಗೆ, ಮಗನ ತಂದೆ ಬೇರೆ ಯಾರೋ ಎಂಬಂತೆ ಮುದ್ರಣವಾಗಿರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮತಗಟ್ಟೆಯ ಬಾಗಿಲಲ್ಲಿ ಜಗಳವಾಡುವುದಕ್ಕಿಂತ ಆರು ತಿಂಗಳು ಮುಂಚೆ ಒಂದು ನಮೂನೆ ತುಂಬುವುದು ಲೇಸು.

ಪಕ್ಷದ ಕಚೇರಿಯೊಳಗೆ

ಇಲ್ಲಿಯವರೆಗೆ ಹೇಳಿದ್ದು ನಾಗರಿಕನ ಕರ್ತವ್ಯವಾಯಿತು. ಪಕ್ಷದೊಳಕ್ಕೆ ಕಾಲಿಡುವುದು ಮುಂದಿನ ಮಾತು.

ಪಕ್ಷದ ಸದಸ್ಯತ್ವವೆಂಬುದು ನಮ್ಮ ದೇಶದಲ್ಲಿ ಶ್ರೀಮಂತರ ಸೊತ್ತಾಗಬಾರದೆಂದು ಮೊದಲು ಯೋಚಿಸಿದವರು ಗಾಂಧೀಜಿ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ಸಂವಿಧಾನ ಬದಲಾಗಿ ನಾಲ್ಕಾಣೆ ಕೊಟ್ಟವರೆಲ್ಲರೂ ಸದಸ್ಯರಾಗಬಹುದೆಂದಾಯಿತು. ಭಾಷಾವಾರು ಪ್ರಾಂತ ಸಮಿತಿಗಳೂ ಆಗಲೇ ಹುಟ್ಟಿದವು, ಕರ್ನಾಟಕಕ್ಕೂ ಒಂದು ದೊರೆಯಿತು. ಇಂದೂ ಬಹುತೇಕ ಪಕ್ಷಗಳ ಪ್ರಾಥಮಿಕ ಸದಸ್ಯತ್ವ ಒಂದು ಊಟದ ಬೆಲೆಗಿಂತ ಕಡಿಮೆ. ಕೆಲವು ಪಕ್ಷಗಳಲ್ಲಿ ದೂರವಾಣಿಗೆ ಒಂದು ಕರೆ ಕೊಟ್ಟರೆ ಸಾಕು. ಆದರೆ ಹೀಗೆ ದೊರೆಯುವ ಸದಸ್ಯತ್ವ ಪಟ್ಟಿಯ ಸಂಖ್ಯೆ ಮಾತ್ರ. ಸಕ್ರಿಯ ಸದಸ್ಯರೆಂಬ ಇನ್ನೊಂದು ದರ್ಜೆ ಇದೆ. ಸಮಿತಿಗಳಲ್ಲಿ ಸ್ಥಾನ ದೊರೆಯುವುದು ಸಾಮಾನ್ಯವಾಗಿ ಅವರಿಗೆ. ಪಕ್ಷದ ಕಟ್ಟಡ ಎಲ್ಲೆಡೆಯೂ ಸುಮಾರಾಗಿ ಒಂದೇ: ತಳದಲ್ಲಿ ಮತಗಟ್ಟೆಯ ಸಮಿತಿ, ಅದರ ಮೇಲೆ ವಾರ್ಡಿನದು (ಇಲ್ಲಿಯವರು ಡಿವಿಜನ್ ಎನ್ನುತ್ತಾರೆ), ಆಮೇಲೆ ವಿಧಾನಸಭಾ ಕ್ಷೇತ್ರದ್ದು, ಬಳಿಕ ನಗರದ್ದು. ಮೇಲಿನ ಮಾಳಿಗೆಗಳಲ್ಲಿ ನೂಕುನುಗ್ಗಲು. ತಳದಲ್ಲಿ ಮಾತ್ರ ಕೆಲಸ ಮಾಡುವವರಿಗಾಗಿ ಸದಾ ಬರ.

ಕೆಲವು ವರ್ಷಗಳ ಹಿಂದೆ ನಾನು ನಮ್ಮ ಬಡಾವಣೆಯಲ್ಲಿದ್ದ ಒಂದು ಪಕ್ಷದ ಕಚೇರಿಗೆ ಹೋದೆ. ಯಾವ ಪಕ್ಷವೆಂಬುದು ಇಲ್ಲಿ ಅಪ್ರಸ್ತುತ. ಬಾಗಿಲಲ್ಲಿದ್ದ ಹುಡುಗ "ಏಂ ಪನಿ ಸಾರ್?" ಎಂದು ಕೇಳಿದ. ಶಿಫಾರಸಿಗೆ ಬಂದವನೆಂದು ಅವನು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. "ಪನಿ ಏಮೀ ಲೇದು, ಪನಿ ಚೇಯಡಾನಿಕಿ ವಚ್ಚಾನು" — ಕೆಲಸವೇನೂ ಇಲ್ಲ, ಕೆಲಸ ಮಾಡಲು ಬಂದಿದ್ದೇನೆ — ಎಂದೆ. ಅವನಿಗೆ ಅದು ಅರ್ಥವಾಗಲಿಲ್ಲ. ಒಳಗಿದ್ದ ಹಿರಿಯರನ್ನು ಕರೆತಂದ. ಅವರು ಚಹಾ ತರಿಸಿ, ನನ್ನ ನೌಕರಿ, ನಿವೃತ್ತಿ, ಜಾತಿಗಳನ್ನೆಲ್ಲ ನಯವಾಗಿ ವಿಚಾರಿಸಿ, ಕೊನೆಗೆ ನಮ್ಮ ಮತಗಟ್ಟೆಯ ಪಟ್ಟಿಯ ಒಂದು ಪ್ರತಿಯನ್ನು ಕೈಗಿತ್ತು "ಇದನ್ನು ಸರಿ ನೋಡಿಕೊಡಿ" ಎಂದರು. ಬಹುಶಃ ನಾನು ಮರಳಿ ಬರುವುದಿಲ್ಲವೆಂದೇ ಅವರ ಎಣಿಕೆ.

ಒಂದು ಮತಗಟ್ಟೆಯೆಂದರೆ ಸುಮಾರು ಸಾವಿರ, ಸಾವಿರದಿನ್ನೂರು ಹೆಸರು; ಮುನ್ನೂರು ಮುನ್ನೂರೈವತ್ತು ಮನೆ. ಸಂಜೆ ಒಂದೊಂದು ಗಂಟೆಯಂತೆ ನನಗೆ ಮೂರು ವಾರ ಹಿಡಿಯಿತು. ತೀರಿಕೊಂಡವರು ಪಟ್ಟಿಯಲ್ಲಿ ಬದುಕಿದ್ದರು, ಬದುಕಿದ್ದವರು ಬಿಟ್ಟುಹೋಗಿದ್ದರು, ಅಮೆರಿಕಕ್ಕೆ ಹೋಗಿ ಹತ್ತು ವರ್ಷವಾದ ಹುಡುಗರು ಇನ್ನೂ ಇದೇ ಬೀದಿಯಲ್ಲಿದ್ದರು. ಅದಕ್ಕಿಂತ ಮುಖ್ಯವಾಗಿ, ಹದಿನೆಂಟು ವರ್ಷ ನಾನು ವಾಸವಾಗಿದ್ದ ಆ ಬೀದಿಯಲ್ಲಿ ಮೂರು ಕನ್ನಡ ಮನೆಗಳಿವೆಯೆಂಬುದು ಅಂದಿನವರೆಗೆ ನನಗೆ ತಿಳಿದಿರಲಿಲ್ಲ. ಮೂಲೆಮನೆಯ ಅಜ್ಜಿಯೊಬ್ಬರು, ಕೊಪ್ಪಳದ ಕಡೆಯವರು, "ಕನ್ನಡದಾಗ ಮಾತಾಡಿದ್ರಲ್ಲಪಾ, ಒಳಗ ಬರ್ರಿ" ಎಂದು ಕರೆದು ಕೂರಿಸಿ ಮೊದಲು ಹೇಳಿದ್ದು ನೀರಿನ ವಿಷಯ: ನಲ್ಲಿಯಲ್ಲಿ ವಾರದಿಂದ ವಾಸನೆ ಬರುತ್ತಿದೆ, ಮೊಮ್ಮಗನಿಗೆ ವಾಂತಿಭೇದಿ, ಯಾರಿಗೆ ಹೇಳಬೇಕು? ನಾನು ಅದನ್ನು ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡೆ. ಅದೇ ಸಾಲಿನ ಇನ್ನೂ ಏಳು ಮನೆಗಳಲ್ಲಿ ಅದೇ ದೂರು. ಎಂಟು ಮನೆಗಳ ಸಹಿಯಿದ್ದ ಅರ್ಜಿ ಪಕ್ಷದ ಕಚೇರಿಯ ಮೂಲಕ ಸಂಬಂಧಪಟ್ಟ ಇಲಾಖೆಗೆ ಹೋಯಿತು. ನಾನೊಬ್ಬನೇ ಅದಕ್ಕೆ ಮುಂಚೆ ಎರಡು ಸಲ ಬರೆದಿದ್ದ ದೂರಿಗೆ ಉತ್ತರ ಬಂದಿರಲಿಲ್ಲ. ಇದಕ್ಕೆ ಒಂಬತ್ತನೆಯ ದಿನ ರಸ್ತೆ ಅಗೆದರು. ಹೀಗಾಗಬಾರದು, ಒಬ್ಬನ ದೂರಿಗೂ ಬೆಲೆಯಿರಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಇರುವ ಸಂಗತಿ ಇದು.

ಪಟ್ಟಿಯ ಈ ಕೆಲಸಕ್ಕೆ ಕಾನೂನಿನ ಮನ್ನಣೆಯ ಹುದ್ದೆಯೊಂದಿದೆ. ಮಾನ್ಯತೆ ಪಡೆದ ಪಕ್ಷಗಳು ಪ್ರತಿ ಮತಗಟ್ಟೆಗೆ ಒಬ್ಬ ಬೂತ್ ಮಟ್ಟದ ಏಜೆಂಟನನ್ನು ನೇಮಿಸಬಹುದು. ಅವನು ಸರ್ಕಾರದ ಬೂತ್ ಮಟ್ಟದ ಅಧಿಕಾರಿಯೊಡನೆ ಕುಳಿತು ಪಟ್ಟಿಯನ್ನು ಪರಿಶೀಲಿಸಬಹುದು. ಸಾಮಾನ್ಯ ದಿನಗಳಲ್ಲಿ ದಿನಕ್ಕೆ ಹತ್ತರವರೆಗೆ ಅರ್ಜಿಗಳನ್ನು ತಾನೇ ಸಂಗ್ರಹಿಸಿ ಸಲ್ಲಿಸಬಹುದು. ಅನೇಕ ಮತಗಟ್ಟೆಗಳಲ್ಲಿ ಈ ಸ್ಥಾನ ಹೆಸರಿಗೆ ಮಾತ್ರ ತುಂಬಿರುತ್ತದೆ. ಓದುಬರಹ ಬಲ್ಲ, ಸಂಜೆಯ ಬಿಡುವಿರುವ ಗೃಹಿಣಿಗೋ ನಿವೃತ್ತರಿಗೋ ಇದಕ್ಕಿಂತ ತಕ್ಕ ಕೆಲಸ ಪಕ್ಷದಲ್ಲಿ ಬೇರೊಂದಿಲ್ಲ.

ಮತದಾನದ ದಿನದ ಏಜೆಂಟನ ಕೆಲಸ ಇನ್ನೊಂದು ಬಗೆಯದು. ಬೆಳಗಿನ ಜಾವ ಎದ್ದು, ಮತದಾನ ಆರಂಭವಾಗುವುದಕ್ಕೆ ಒಂದೂವರೆ ಗಂಟೆ ಮುಂಚೆ ಮತಗಟ್ಟೆಯಲ್ಲಿರಬೇಕು. ಯಂತ್ರದಲ್ಲಿ ಕನಿಷ್ಠ 50 ಮತಗಳ ಅಣಕು ಮತದಾನ ನಡೆಸಿ, ಲೆಕ್ಕ ತಾಳೆಯಾದದ್ದನ್ನು ನೋಡಿ, ಅದನ್ನು ಅಳಿಸಿ, ಮೊಹರಿನ ಮೇಲೆ ಸಹಿ ಹಾಕಬೇಕು. 2020ರ ನಗರಪಾಲಿಕೆ ಚುನಾವಣೆಯಲ್ಲಿ ಯಂತ್ರವಿರಲಿಲ್ಲ, ಮತಪತ್ರಗಳಿದ್ದವು. ಆಗ ಬರಿದಾದ ಪೆಟ್ಟಿಗೆಯನ್ನು ನೋಡಿ ಒಪ್ಪಬೇಕಾಗಿತ್ತು. ಬಂದವನು ನಿಜವಾದ ಮತದಾರನಲ್ಲವೆಂಬ ಸಂಶಯವಿದ್ದರೆ ಏಜೆಂಟನು ಆಕ್ಷೇಪಿಸಬಹುದು. ಲೋಕಸಭೆ, ವಿಧಾನಸಭೆಗಳ ಚುನಾವಣೆಯಲ್ಲಿ ಅದಕ್ಕೆ ಕಟ್ಟಬೇಕಾದ ಠೇವಣಿ 1961ರ ನಿಯಮದಂತೆ ಎರಡು ರೂಪಾಯಿ. ಈ ಕಾಲದಲ್ಲಿ ಎರಡು ರೂಪಾಯಿಗೆ ದೊರೆಯುವ ಅಧಿಕಾರ ಇದೊಂದೇ ಇರಬೇಕು! ಸಂಜೆ ಮುಗಿದ ಮೇಲೆ ಒಟ್ಟು ಎಷ್ಟು ಮತ ಬಿದ್ದವೆಂಬ ಲೆಕ್ಕದ ಪ್ರತಿಯನ್ನು, 17ಸಿ ನಮೂನೆಯಲ್ಲಿ, ಮತಗಟ್ಟೆಯ ಅಧಿಕಾರಿಯಿಂದ ಕೇಳಿ ಪಡೆಯಬೇಕು. ಎಣಿಕೆಯ ದಿನ ತಕರಾರು ಬಂದರೆ ಆ ಒಂದು ಹಾಳೆಯೇ ಆಧಾರ.

ಇಷ್ಟೆಲ್ಲ ಜಾಗರೂಕತೆ ಏಕೆಂದು ಕೇಳುವವರಿಗೆ ನಮ್ಮ ಕರ್ನಾಟಕವೇ ಉತ್ತರ ಕೊಟ್ಟಿದೆ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣರು ಎ. ಆರ್. ಕೃಷ್ಣಮೂರ್ತಿಯವರನ್ನು ಸೋಲಿಸಿದ್ದು ಒಂದೇ ಒಂದು ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದ ಅಂತರ 16 ಮತ. ಇಡೀ ವಿಧಾನಸಭಾ ಕ್ಷೇತ್ರಗಳ ಕಥೆಯೇ ಹೀಗಿದ್ದಾಗ ವಾರ್ಡಿನ ಚುನಾವಣೆಯಲ್ಲಿ ಒಂದು ಅಪಾರ್ಟ್‌ಮೆಂಟಿನ ಜನ ಏನು ಮಾಡಬಲ್ಲರೆಂಬುದನ್ನು ಊಹಿಸಿಕೊಳ್ಳಬಹುದು.

ಯಾರು ಸೇರಬಾರದು?

ಈ ಎಚ್ಚರಿಕೆಯನ್ನು ಹೇಳದೆ ಬಿಟ್ಟರೆ ಲೇಖನ ಅಪಾಯಕಾರಿಯಾದೀತು. ಕೇಂದ್ರ ಸರ್ಕಾರದ ನೌಕರರು 1964ರ ನಡತೆಯ ನಿಯಮಗಳ ಮೇರೆಗೆ ಯಾವ ರಾಜಕೀಯ ಪಕ್ಷದ ಸದಸ್ಯರೂ ಆಗುವಂತಿಲ್ಲ, ಪ್ರಚಾರ ಮಾಡುವಂತಿಲ್ಲ. ರಾಜ್ಯ ಸರ್ಕಾರಿ ನೌಕರರಿಗೂ ಇಂಥದೇ ನಿರ್ಬಂಧಗಳಿವೆ. ಸರ್ಕಾರಿ ನೌಕರನು ಅಭ್ಯರ್ಥಿಯ ಏಜೆಂಟನಾಗಿ ಕುಳಿತರೆ ಅದು ಮೂರು ತಿಂಗಳವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಸಾರ್ವಜನಿಕ ಉದ್ಯಮಗಳು ಮತ್ತು ಬ್ಯಾಂಕುಗಳಿಗೆ ತಮ್ಮ ತಮ್ಮ ನಿಯಮಾವಳಿಗಳಿವೆ. ನಮ್ಮ ಸದಸ್ಯರಲ್ಲಿ ಅಂಥವರು ಬಹಳ ಮಂದಿ ಇರುವುದರಿಂದ ತಮ್ಮ ಸಂಸ್ಥೆಯ ನಿಯಮವನ್ನು ಓದಿಕೊಂಡೇ ಹೆಜ್ಜೆಯಿಡಬೇಕು. ಮತ ಹಾಕುವುದಕ್ಕೆ ಯಾರಿಗೂ ಅಡ್ಡಿಯಿಲ್ಲ. ನಿವೃತ್ತಿಯ ಮರುದಿನದಿಂದ ಈ ಬಾಗಿಲೂ ತೆರೆಯುತ್ತದೆ. ಮೂವತ್ತೈದು ವರ್ಷ ಕಡತ ನೋಡಿದವರ ಅನುಭವ ಯಾವ ವಾರ್ಡ್ ಸಮಿತಿಗಾದರೂ ವರವೇ ಸರಿ.

ಹೆಂಗಸರ ಮಾತು ಪ್ರತ್ಯೇಕವಾಗಿ ಹೇಳಬೇಕಾದದ್ದು. ಕರ್ನಾಟಕದಲ್ಲಿ ಅಬ್ದುಲ್ ನಜೀರ್ ಸಾಬರು ತಂದ ಪಂಚಾಯತಿ ವ್ಯವಸ್ಥೆಯಲ್ಲಿ 1987ರ ಚುನಾವಣೆಗೆ ಶೇಕಡಾ 25 ಸ್ಥಾನ ಸ್ತ್ರೀಯರಿಗೆ ಮೀಸಲಾದಾಗ "ನಿಲ್ಲುವವರು ಸಿಕ್ಕಾರೆಯೆ?" ಎಂದು ಅನುಮಾನಿಸಿದವರಿದ್ದರು. ಸಿಕ್ಕರು. ಹೈದರಾಬಾದು ನಗರಪಾಲಿಕೆಯ 2016, 2020ರ ಚುನಾವಣೆಗಳಲ್ಲಿ ಅರ್ಧದಷ್ಟು ವಾರ್ಡುಗಳು ಮಹಿಳೆಯರಿಗೆ ಮೀಸಲಾಗಿದ್ದವು. ಪಕ್ಷಗಳು ಆ ಹೊತ್ತಿಗೆ ಯೋಗ್ಯ ಸ್ತ್ರೀಯರಿಗಾಗಿ ಹುಡುಕಾಡಿ, ಕೊನೆಗೆ ಮುಖಂಡರ ಮಡದಿಯರನ್ನೋ ಸೊಸೆಯರನ್ನೋ ನಿಲ್ಲಿಸಿದ ಉದಾಹರಣೆಗಳು ಎಲ್ಲ ನಗರಗಳಲ್ಲೂ ಉಂಟು. ನಮ್ಮ ಮಹಿಳಾ ವಿಭಾಗದವರು ದಸರೆಯ ಗೊಂಬೆ ಪ್ರದರ್ಶನವನ್ನು ಹತ್ತು ದಿನ ಒಂದು ಕಾಸೂ ಲೆಕ್ಕ ತಪ್ಪದೆ ನಡೆಸುವುದನ್ನು ಕಂಡವರಿಗೆ ಅಂಥ ಹುಡುಕಾಟದ ಅಗತ್ಯವೇ ತೋರದು. ಸಂವಿಧಾನದ ಪ್ರಕಾರ ನಗರಸಭೆಗೆ ನಿಲ್ಲಲು 21 ವರ್ಷ ತುಂಬಿದ್ದರೆ ಸಾಕು.

ನಿಲ್ಲುವ ಮಾತು ಬಂದಾಗ ಕಹಿ ಸತ್ಯವನ್ನೂ ಹೇಳಬೇಕು. ಅಮೆರಿಕದಲ್ಲಿರುವ ನಮ್ಮ ಮಕ್ಕಳು ಪತ್ರ ಬರೆದಾಗ, ಅಲ್ಲಿ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಪ್ರಾಥಮಿಕ ಚುನಾವಣೆಯಲ್ಲಿ ಆರಿಸುವುದನ್ನು ವರ್ಣಿಸುತ್ತಾರೆ. ಇಲ್ಲಿ ಟಿಕೀಟು ಮೇಲಿನಿಂದ ಇಳಿಯುತ್ತದೆ. 1999ರಲ್ಲಿ ಕಾನೂನು ಆಯೋಗವು ತನ್ನ 170ನೆಯ ವರದಿಯಲ್ಲಿ ಪಕ್ಷಗಳೊಳಗೆ ಪ್ರಜಾಪ್ರಭುತ್ವ ಇರಬೇಕೆಂದು ಸಲಹೆ ಮಾಡಿತು. ಅದನ್ನು ಕಾಯಿದೆಯಾಗಿಸುವ ಉತ್ಸಾಹ ಯಾವ ಪಕ್ಷಕ್ಕೂ ಬರಲಿಲ್ಲ. ಹತ್ತು ವರ್ಷ ಬೂತಿನಲ್ಲಿ ದುಡಿದವನನ್ನು ಬಿಟ್ಟು ನಿನ್ನೆ ಬೇರೆ ಪಕ್ಷದಿಂದ ಹಾರಿ ಬಂದ ಹಣವಂತನಿಗೆ ಟಿಕೀಟು ದೊರೆಯುವುದುಂಟು. ಇದನ್ನು ತಿಳಿದೇ ಒಳಹೋಗಬೇಕು. ಪದವಿಗಾಗಿ ಹೋದವನಿಗೆ ಬೇಗ ಬೇಸರ ಹತ್ತುತ್ತದೆ. ಬೀದಿಯ ಕೆಲಸಕ್ಕಾಗಿ ಹೋದವನು ಹೇಗೋ ತಾಳಿಕೊಳ್ಳುತ್ತಾನೆ.

ಹಾಗೆಂದು ಹೊಸಬರಿಗೆ ಎಂದೂ ಎಡೆ ಸಿಕ್ಕಿಲ್ಲವೆಂದಲ್ಲ. ಇದೇ ಹೈದರಾಬಾದಿನಲ್ಲಿ 1982ರ ಮಾರ್ಚಿನಲ್ಲಿ ಎನ್. ಟಿ. ರಾಮರಾಯರು ತೆಲುಗುದೇಶಂ ಸ್ಥಾಪಿಸಿ 1983ರ ಜನವರಿಯಲ್ಲಿ ಅಧಿಕಾರಕ್ಕೆ ಬಂದರು. ಅಂದು ಆರಿಸಿ ಬಂದ ಅನೇಕರು ಅದಕ್ಕೆ ಮುಂಚೆ ಯಾವ ಚುನಾವಣೆಯಲ್ಲೂ ನಿಂತವರಲ್ಲ. ಲೋಕಸತ್ತಾ ಎಂಬ ನಾಗರಿಕ ಚಳವಳಿ 2006ರಲ್ಲಿ ಪಕ್ಷವಾಗಿ, 2009ರಲ್ಲಿ ಅದರ ನಾಯಕ ಜಯಪ್ರಕಾಶ ನಾರಾಯಣರು ಕೂಕಟಪಲ್ಲಿಯಿಂದ ಶಾಸಕರಾದರು. ಪಕ್ಷಕ್ಕೆ ದಕ್ಕಿದ್ದು ಅದೊಂದೇ ಸ್ಥಾನ. ಓದಿದವರ ಹಿತೈಷಿ ಮನೋಭಾವ ಒಂದು ಕ್ಷೇತ್ರವನ್ನು ಗೆಲ್ಲಿಸಬಲ್ಲದು, ಮತಗಟ್ಟೆಯ ಸಂಘಟನೆಯಿಲ್ಲದೆ ಎರಡನೆಯದನ್ನು ಗೆಲ್ಲಿಸಲಾರದು ಎಂದು ನಾನು ಅದರಿಂದ ತಿಳಿದುಕೊಂಡಿದ್ದೇನೆ. ಬೇರೆಯವರು ಬೇರೆ ರೀತಿ ಅರ್ಥೈಸಬಹುದು.

ಭಾಷೆಯ ಅಳುಕು ಬೇಡ. ತೆಲುಗು ಲಿಪಿ ಕನ್ನಡ ಬಲ್ಲವನಿಗೆ ಒಂದು ವಾರದ ಪಾಠ. ಬೀದರ, ಗುಲಬರ್ಗಾಗಳ ಕಡೆಯವರಿಗೆ ದಖ್ಖನಿ ಉರ್ದು ತಾಯಿಯ ತೋಳಿನಷ್ಟೇ ಪರಿಚಿತ. ತಪ್ಪುತಪ್ಪಾಗಿ ಮಾತನಾಡಿದರೂ ಇಲ್ಲಿಯ ಜನ ನಗುವುದಿಲ್ಲ, ತಿದ್ದುತ್ತಾರೆ.

ಸಂಘದ ವಿಷಯ ಒಂದು ಮಾತು. ಸಂಘದ ವೇದಿಕೆಗೆ ಯಾವ ಪಕ್ಷದ ಬಾವುಟವೂ ಬರಕೂಡದೆಂಬುದರಲ್ಲಿ ನಾನು ಕಟ್ಟುನಿಟ್ಟು. ಇಂದು ಒಂದು ಪಕ್ಷದವರನ್ನು ಹಾರ ಹಾಕಿ ಮೆರೆಸಿದರೆ ನಾಳೆ ಆಡಳಿತ ಬದಲಾದಾಗ ನಮ್ಮ ಶಾಲೆಯ ಅರ್ಜಿಯೂ ಸಭಾಭವನದ ತೆರಿಗೆಯೂ ಅದರ ಫಲ ಉಣ್ಣಬೇಕಾಗುತ್ತದೆ. ಸದಸ್ಯರಲ್ಲಿಯೂ ಒಡಕು ಹುಟ್ಟುತ್ತದೆ. ಆದರೆ ಸದಸ್ಯರು ತಮ್ಮ ತಮ್ಮ ವಾರ್ಡುಗಳಲ್ಲಿ, ತಮ್ಮ ತಮ್ಮ ಮನಸ್ಸಿಗೊಪ್ಪಿದ ಪಕ್ಷಗಳಲ್ಲಿ ಹಂಚಿಹೋದರೆ ಸಂಘಕ್ಕೆ ನಷ್ಟವಿಲ್ಲ, ಲಾಭವೇ. ಎಲ್ಲ ಪಕ್ಷಗಳ ಕಚೇರಿಯಲ್ಲಿಯೂ ಒಬ್ಬೊಬ್ಬ ಕನ್ನಡಿಗ ಕುಳಿತಿರುವ ಊರಿನಲ್ಲಿ ಕನ್ನಡ ಶಾಲೆಯ ಅರ್ಜಿ ಯಾವ ಮೇಜಿನ ಮೇಲೂ ಧೂಳು ಹಿಡಿಯಲಾರದು.

ಈ ವಿಷಯದಲ್ಲಿ ಆಸಕ್ತಿಯುಳ್ಳವರು ಮುಂದಿನ ಮಾಸಿಕ ಸಭೆಗೆ ಬರುವಾಗ ತಮ್ಮ ಮತದಾರರ ಗುರುತಿನ ಚೀಟಿಯನ್ನೂ ಈಗಿನ ವಿಳಾಸದ ದಾಖಲೆಯೊಂದನ್ನೂ ಜೊತೆಗೆ ತರಬೇಕೆಂದು ಕೋರುತ್ತೇನೆ. 6 ಮತ್ತು 8ನೆಯ ನಮೂನೆಗಳನ್ನು ನಾನು ತಂದಿರುತ್ತೇನೆ. ಊರಿನ ಪಟ್ಟಿಯಲ್ಲಿ ಹೆಸರಿರುವವರು ಆ ಮತಗಟ್ಟೆಯ ಸಂಖ್ಯೆಯನ್ನೂ ಬರೆದುಕೊಂಡು ಬಂದರೆ ವರ್ಗಾವಣೆಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.